ಚಂದ್ರಣ್ಣನ ಬೆರಳು

ಆಸ್ಟಿನ್ ಹತ್ತಿರದ ಲಿಯಾಂಡರ್‌ನಲ್ಲಿ ಚಂದ್ರಮೋಹನನ ಮನೆಯ ಗ್ಯಾರೇಜಿನೊಳಗೆ ಕಾರು ನಿಂತದ್ದನ್ನು ಯಾರೂ ನೋಡಿಲ್ಲ. ಗಂಡ ಹೆಂಡತಿಯ ಎರಡೂ ಕಾರು ಹೊರಗೆ ಬಿಸಿಲಲ್ಲಿ ಬೇಯುತ್ತವೆ. ಒಳಗೆ ಏಸಿ ಹಾಕಿಸಿಕೊಂಡು ತಂಪಾಗಿರುವುದು ಒಂದು ಉದ್ದ ಮೇಜು, ಗೋಡೆಗೆ ಬಿಗಿದ ಸಣ್ಣ ಸಣ್ಣ ಡಬ್ಬಗಳ ಸಾಲು, ಮತ್ತು ಆ ಮೇಜಿನ ಮುಂದೆ ಅರವತ್ತಮೂರು ವರ್ಷದ ಚಂದ್ರಮೋಹನ. ಆಸ್ಟಿನ್ನಿನ ಚಿಪ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ರಿಟೈರ್ ಆದ ಮನುಷ್ಯ, ಈಗ ಗೆಳೆಯರ ಹ್ಯಾಂಡ್ ಪ್ರೈಮರ್‌ಗಳನ್ನು ರಿಪೇರಿ ಮಾಡುತ್ತಾನೆ. ದುಡ್ಡಿಗಲ್ಲ, ಹೆಸರಿಗೆ. ಹೆಸರಿನ ಚಟ ದುಡ್ಡಿನ ಚಟಕ್ಕಿಂತ ಕೆಟ್ಟದ್ದು ಎಂದು ಅವನಿಗೆ ಯಾರೂ ಹೇಳಲಿಲ್ಲ.

ಟೆಕ್ಸಾಸಿಗೆ ಬಂದು ಬಂದೂಕಿನ ಹುಚ್ಚು ಹಚ್ಚಿಕೊಂಡ ಕನ್ನಡಿಗರು ಬಹಳವೇನಿಲ್ಲ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರು ಜಾಲಾಡಿದರೆ ಇಪ್ಪತ್ತು ಜನ ಸಿಕ್ಕಾರು. ತಿಂಗಳಿಗೊಮ್ಮೆ ಡಾಲಸ್ ಹೊರಗಿನ ಒಂದು ರೇಂಜಿನಲ್ಲಿ ಸೇರುತ್ತಾರೆ, ಕಾಗದದ ಗುರಿಗೆ ಗುಂಡು ಹೊಡೆಯುತ್ತಾರೆ, ಚಿತ್ರಾನ್ನ ತಿನ್ನುತ್ತಾರೆ, ಮನೆಗೆ ಹೋಗುತ್ತಾರೆ. ಇವರಲ್ಲಿ ಹೆಚ್ಚಿನವರು ತಮ್ಮ ತೋಟಾಗಳನ್ನು ತಾವೇ ತಯಾರಿಸಿಕೊಳ್ಳುವವರು. ಹಾರಿಸಿ ಬಿದ್ದ ಹಿತ್ತಾಳೆಯ ಚಿಪ್ಪುಗಳನ್ನು ಆರಿಸಿ ತಂದು, ತೊಳೆದು, ಅದರ ಬುಡದ ಕುಳಿಗೆ ಹೊಸ ಪ್ರೈಮರ್ ಒತ್ತಿ, ಮದ್ದು ತುಂಬಿ, ಬಾಯಿಗೆ ಗುಂಡು ಕೂರಿಸುವುದು. ಪ್ರೈಮರ್ ಎಂದರೆ ತೊಗರಿಬೇಳೆಯಷ್ಟು ಅಗಲದ ಪುಟ್ಟ ಲೋಹದ ಬಟ್ಟಲು. ಬಂದೂಕಿನ ಸೂಜಿ ಬಂದು ಬಡಿದಾಗ ಮೊದಲ ಕಿಡಿ ಹುಟ್ಟುವುದು ಅದರಲ್ಲೇ. ಅದನ್ನು ಒತ್ತಿ ಕೂರಿಸಲು ಅಂಗೈಯಲ್ಲಿ ಹಿಡಿದು ಹಿಂಡುವ, ಇಕ್ಕಳದ ಜಾತಿಯ ಒಂದು ಸಾಧನವಿದೆ. ಅದೇ ಹ್ಯಾಂಡ್ ಪ್ರೈಮರ್.

ನೋಡಲು ಸಾಧು ವಸ್ತು, ಮುನಿಸಿಕೊಂಡರೆ ಮಾತ್ರ ಸೊಸೆಗಿಂತ ಕಷ್ಟ. ಒಬ್ಬರದ್ದರಲ್ಲಿ ಪ್ರೈಮರ್ ಅಡ್ಡ ಸಿಕ್ಕಿಕೊಳ್ಳುತ್ತದೆ, ಇನ್ನೊಬ್ಬರದ್ದರಲ್ಲಿ ಸ್ಪ್ರಿಂಗ್ ಸೋತಿರುತ್ತದೆ. ಹ್ಯೂಸ್ಟನ್ನಿನವರ ಸಾಮಾನಿಗೆ ಅಲ್ಲಿಯ ತೇವದಿಂದ ತುಕ್ಕು ಹಿಡಿದಿರುತ್ತದೆ. ಮತ್ತೊಬ್ಬ ಮಹಾನುಭಾವ ಒಂದು ಕಂಪನಿಯ ಸಾಧನಕ್ಕೆ ಇನ್ನೊಂದು ಕಂಪನಿಯ ಶೆಲ್ ಹೋಲ್ಡರ್, ಅಂದರೆ ಚಿಪ್ಪನ್ನು ಕಚ್ಚಿ ಹಿಡಿಯುವ ಉಕ್ಕಿನ ಬಿಲ್ಲೆ, ತುರುಕಿ ತಂದಿರುತ್ತಾನೆ. ಚಂದ್ರಮೋಹನ ಎಲ್ಲವನ್ನೂ ಬಿಚ್ಚಿ, ಒರೆಸಿ, ಉಜ್ಜಿ, ಮತ್ತೆ ಜೋಡಿಸಿ, ಹತ್ತಾರು ಚಿಪ್ಪಿಗೆ ಪ್ರೈಮರ್ ಒತ್ತಿ ಪರೀಕ್ಷೆ ಮಾಡಿ ವಾಪಸು ಕೊಡುತ್ತಿದ್ದ.

ಪರೀಕ್ಷೆ ಬೆರಳಿನದು. ಪ್ರೈಮರ್ ಚಿಪ್ಪಿನ ಬುಡಕ್ಕಿಂತ ಕೂದಲೆಳೆಯಷ್ಟು ಒಳಗೆ ಕೂತಿರಬೇಕು, ಉಬ್ಬಿದ್ದರೆ ಅಪಾಯ. ಬೇರೆಯವರು ಅಳತೆ ಪಟ್ಟಿ ಇಟ್ಟು, ಕನ್ನಡಕ ಏರಿಸಿ ನೋಡುತ್ತಿದ್ದಾಗ ಚಂದ್ರಮೋಹನ ಆಕಾಶ ನೋಡುತ್ತಾ ತೋರುಬೆರಳನ್ನು ಒಂದು ಸಲ ಹಾಗೆ ಸವರಿ, "ಇದು ಸರಿ, ಇದು ಉಬ್ಬಿದೆ, ಇದು ಸರಿ" ಅನ್ನುತ್ತಿದ್ದ. ಅಳೆದು ನೋಡಿದರೆ ಒಂದೂ ತಪ್ಪಿರುತ್ತಿರಲಿಲ್ಲ. ಹೀಗೆ ಹನ್ನೆರಡು ವರ್ಷ ನಡೆದು, ಮೂರು ಊರಿನ ಗೆಳೆಯರ ನಡುವೆ 'ಚಂದ್ರಣ್ಣನ ಬೆರಳು' ಎಂಬುದೇ ಒಂದು ಅಳತೆಯಾಗಿ ಹೋಯಿತು.

ಆ ಬೆರಳು ಎರಡು ವರ್ಷದಿಂದ ಸತ್ತಿತ್ತು.

ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷದ ಹಳೆಯ ನೆಂಟ. ಮೊದಲು ಅಂಗಾಲು ಮರಗಟ್ಟಿತು, ಆಮೇಲೆ ಬೆರಳ ತುದಿಗಳು. ಡಾಕ್ಟರು ಪರೀಕ್ಷೆ ಮಾಡಿ, ನರಗಳು ಹೋಗಿವೆ, ಹೋದದ್ದು ಹಿಂದೆ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದು ಬಿಡಿಸಿ ಹೇಳಿದ್ದರು. ಚಂದ್ರಮೋಹನ ಮನೆಗೆ ಬಂದು ಹೆಂಡತಿ ಶಕುಂತಲೆಗೆ, "ವಾಕಿಂಗ್ ಜಾಸ್ತಿ ಮಾಡಿ ಅಂದ್ರು ಕಣೆ" ಎಂದು ಹೇಳಿ ಕಾಫಿ ಕೇಳಿದ್ದ. ಮೇಜಿನ ಡ್ರಾಯರಿನಲ್ಲಿ ಒಳ್ಳೆಯ ಅಳತೆ ಸಾಧನವೇ ಇತ್ತು. ತೆಗೆದು ಬಳಸಿದ್ದರೆ ಯಾರಿಗೂ ಏನೂ ತೊಂದರೆಯಿರಲಿಲ್ಲ. ಆದರೆ ಚಂದ್ರಣ್ಣನೂ ಅಳೆದು ನೋಡುತ್ತಾನಂತೆ ಎಂದು ಯಾರಾದರೂ ಅಂದಾರು ಎಂಬ ಭಯ. ಮೊದಮೊದಲು ಕಣ್ಣಿನಲ್ಲಿ ನೋಡಿ ಸುಧಾರಿಸಿದ. ಆಮೇಲೆ ಕೈ ಹಿಡಿತದ ಅಂದಾಜಿನಲ್ಲಿ ನಡೆಸಿದ. ಆಮೇಲೆ ಬೆರಳು ಸವರುವುದು ಬರೀ ಅಭ್ಯಾಸವಾಯಿತು. ಸವರಿದರೆ ಏನೂ ತಿಳಿಯುತ್ತಿರಲಿಲ್ಲ. ಏನೂ ತಿಳಿಯದಿದ್ದರೆ ನುಣುಪಾಗಿದೆ ಎಂದೇ ಅರ್ಥ ಮಾಡಿಕೊಳ್ಳುತ್ತಿದ್ದ. ಜಂಭಕ್ಕೆ ಮದ್ದು ಇನ್ನೂ ಯಾವ ಆಸ್ಪತ್ರೆಗೂ ಬಂದಿಲ್ಲ.

ಹೀಗಿರುವಾಗ ದಸರೆಯಾದ ಹತ್ತು ದಿನಕ್ಕೆ ಶ್ರೀಶೈಲನ ಹ್ಯಾಂಡ್ ಪ್ರೈಮರ್ ಬಂತು.

ಶ್ರೀಶೈಲ ಇಳಕಲ್ಲಿನವನು. ಹ್ಯೂಸ್ಟನ್ನಿನ ತೆಂಕಣ ಪೇರ್ಲ್ಯಾಂಡ್‌ನಲ್ಲಿ ಎರಡು ಟೈರ್ ಅಂಗಡಿ ಇಟ್ಟುಕೊಂಡಿದ್ದಾನೆ. ಹೆಂಡತಿ ಶೀತಲ್ ಮೆಡಿಕಲ್ ಸೆಂಟರಿನಲ್ಲಿ ಫಿಸಿಯೋಥೆರಪಿಸ್ಟ್. ಗುರಿಯಲ್ಲಿ ಗಂಡನನ್ನು ಮೀರಿಸಿದವಳು. ಜೊತೆಗೆ ಆರು ವರ್ಷದಿಂದ ಶ್ರೀಶೈಲನ ತಾಯಿ ಈರವ್ವ. ಮೈಸೂರಿನವರ ಆಯುಧಪೂಜೆ ಅವರ ಕಡೆ ಖಂಡೆಪೂಜೆ. ಈರವ್ವ ಆ ದಿನ ಮಡಿಯುಟ್ಟು, ಅಂಗಡಿಯ ಜಾಕು, ಪಾನೆ, ಏರ್ ಕಂಪ್ರೆಸರ್, ಮನೆಯ ಮೂರು ಕಾರು, ಎರಡು ರೈಫಲ್, ಒಂದನ್ನೂ ಬಿಡದೆ ವಿಭೂತಿ ಎಳೆದು ಕುಂಕುಮ ಇಟ್ಟಿದ್ದರು. ಮಗ ದಿನಾ ಕೈಯಲ್ಲಿ ಹಿಡಿಯುವ ಈ ಇಕ್ಕಳವನ್ನು ಬಿಟ್ಟಾರೆಯೇ? ನೀರಲ್ಲಿ ಕಲಸಿದ ವಿಭೂತಿಯನ್ನು ಅದರ ಹಿಡಿಗೂ ಬಾಯಿಗೂ ಧಾರಾಳವಾಗಿ ಹಚ್ಚಿದ್ದರು. ಪೂಜೆಯಾದ ಸಾಮಾನಿನ ಗುರುತನ್ನು ಒರೆಸುವ ಪದ್ಧತಿ ನಮ್ಮಲ್ಲಿಲ್ಲ, ತಾನಾಗಿ ಸವೆದು ಹೋಗಬೇಕು. ಸಂಕ್ರಾಂತಿಯವರೆಗೂ ಬಾನೆಟ್ಟಿನ ಮೇಲೆ ಕುಂಕುಮ ಹೊತ್ತು ಟೆಕ್ಸಾಸಿನ ಹೆದ್ದಾರಿಯಲ್ಲಿ ಓಡುವ ಕಾರುಗಳು ಬೇಕಾದಷ್ಟಿವೆ. ಶ್ರೀಶೈಲನೂ ಒರೆಸಲಿಲ್ಲ. ನಾಲ್ಕು ದಿನಕ್ಕೆ ಹಿಡಿ ಬಿಗಿಯಿತು, ಪ್ರೈಮರ್ ಅರ್ಧಕ್ಕೇ ನಿಂತಿತು. ಡಾಲಸ್‌ನ ಅವಿನಾಶ್ ಯಾವುದೋ ಕೆಲಸಕ್ಕೆ ಹ್ಯೂಸ್ಟನ್ನಿಗೆ ಹೋಗಿದ್ದವನು ವಾಪಸು ಬರುವಾಗ ಅದನ್ನೂ ನೂರು ಖಾಲಿ ಚಿಪ್ಪನ್ನೂ ಲಿಯಾಂಡರ್‌ಗೆ ತಲುಪಿಸಿದ.

ಚಂದ್ರಮೋಹನ ಬಿಚ್ಚಿ ನೋಡಿ ನಕ್ಕಿದ್ದ. ಒದ್ದೆ ವಿಭೂತಿ ಇಳಿದು, ಶೆಲ್ ಹೋಲ್ಡರ್ ಕೂರುವ ಗುಂಡಿಯಲ್ಲಿ ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಅದು ಕೆಳಗಿದ್ದರೆ ಬಿಲ್ಲೆ ಪೂರ್ತಿ ಇಳಿಯುವುದಿಲ್ಲ. ಬಿಲ್ಲೆ ಎತ್ತರವಾದರೆ ಒತ್ತುವ ಕಡ್ಡಿ ಪ್ರೈಮರನ್ನು ಕೊನೆಯವರೆಗೆ ತಳ್ಳುವುದಿಲ್ಲ. ಬ್ರಷ್ ಹಾಕಿ ತಿಕ್ಕಿದ, ಊದಿದ, ಗುಂಡಿಯೊಳಗೆ ಬೆರಳು ಹಾಕಿ ಸವರಿದ. ನುಣುಪು ಅಂತು ಬೆರಳು. ಹಿಡಿಯ ಮೇಲಿನ ಮೂರು ಎಳೆ ದೇವರ ಗುರುತು, ಇರಲಿ ಎಂದು ಬಿಟ್ಟ. ನೂರು ಚಿಪ್ಪಿಗೂ ಪ್ರೈಮರ್ ಒತ್ತಿ, ನೂರನ್ನೂ ಸವರಿ, ಡಬ್ಬಿಯ ಮೇಲೆ 'ಸರಿಯಿದೆ, ಚಂ.' ಎಂದು ಬರೆದು ಕಳಿಸಿದ.

ನವೆಂಬರಿನ ಮೊದಲ ಶನಿವಾರ ಮಧ್ಯಾಹ್ನ ಅವಿನಾಶ್ ರೇಂಜಿನಿಂದ ಫೋನ್ ಮಾಡಿದ.

"ಚಂದ್ರಣ್ಣ, ಶೀತಲ್ ರೈಫಲ್ ಟ್ರಿಗರ್ ಮುಟ್ಟೋಕ್ ಮೊದ್ಲೇ ಫೈರ್ ಆಗೋಯ್ತು. ಬೋಲ್ಟ್ ಇನ್ನೂ ಪೂರ್ತಿ ಮುಚ್ಚಿರ್ಲಿಲ್ಲ. ಕೆಳಗಡೆ ತೋಟಾ ತುಂಬೋ ಮ್ಯಾಗಝಿನ್ ಚೂರಾಗಿ ಅವಳ ಎಡಗೈಗೆ ಹೊಡೀತು. ಕಣ್ಣಿಗೆ ಏನೂ ಆಗಿಲ್ಲ, ಗ್ಲಾಸ್ ಹಾಕಿದ್ಲು. ಈಗ ಆಸ್ಪತ್ರೇಲಿ ಹೊಲಿಗೆ ಹಾಕ್ತಿದಾರೆ."

ಯಾವ ತೋಟಾ ಎಂದು ಚಂದ್ರಮೋಹನ ಕೇಳಬೇಕಾಗಿತ್ತು, ಯಾವ ಆಸ್ಪತ್ರೆ ಎಂದಷ್ಟೇ ಕೇಳಿದ. ಉಬ್ಬಿದ ಪ್ರೈಮರ್ ಇದ್ದರೆ ಆ ಬಗೆಯ ರೈಫಲ್ಲಿನಲ್ಲಿ ಬೋಲ್ಟ್, ಅಂದರೆ ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಉಕ್ಕಿನ ತುಂಡು, ಬಂದು ಅಪ್ಪಳಿಸುವ ಹೊಡೆತಕ್ಕೇ ತೋಟಾ ಸಿಡಿಯಬಹುದು ಎಂದು ಗೆಳೆಯರಿಗೆಲ್ಲ ಪಾಠ ಹೇಳಿದವನು ಅವನೇ.

ಸಂಜೆ ಶ್ರೀಶೈಲನೇ ಮಾತಾಡಿದ. "ಏಳು ಹೊಲಿಗಿ ಬಿದ್ದಾವ್ರಿ ಅಣ್ಣಾ. ಹೆಬ್ಬೆರಳಿನ ಸ್ನಾಯು ಸ್ವಲ್ಪದರಾಗ ಉಳೀತು. ಆಕಿ ಕೈ ಮ್ಯಾಲ ನಮ್ಮ ಹೊಟ್ಟಿ ನಡೀತೈತಿ, ಕೈನ ಆಕಿ ಕೆಲಸ. ಎಲ್ಲಾ ನಮ್ಮವ್ವನ ಪೂಜಿ. ಆ ವಿಭೂತಿ ಇನ್ನೂ ಎಲ್ಲೋ ಒಳಗ ಉಳದಿರಬೇಕ್ರಿ, ನೀವು ಅಷ್ಟು ತೊಳದ್ರೂ. ಬ್ಯಾಡವ್ವಾ ಬ್ಯಾಡವ್ವಾ ಅಂದ್ರೂ ಕೇಳಲಿಲ್ಲ. ನಿನ್ನ ದೇವರು ನನ್ನ ಹೇಣತಿ ಕೈ ಸೀಳ್ತು ನೋಡು ಅಂದೆ."

"ಹಾಗೆಲ್ಲ ಅನ್ನಬಾರದಿತ್ತು ಶ್ರೀಶೈಲ."

"ಅಂದಬಿಟ್ಟೆನ್ರಿ. ಅಂದಾಗಿಂದ ಆಕಿ ನೀರ ಸುದ್ದಾ ಕುಡದಿಲ್ಲ."

ಈಗ ಹೇಳಬಹುದಾಗಿತ್ತು. ಒಂದು ಮಾತು, ತಪ್ಪು ನನ್ನದಿರಬಹುದು ಎಂದು. ಚಂದ್ರಮೋಹನ, "ಮುಂದಿನ ಶನಿವಾರ ಬರ್ತೀನಿ, ಟೂಲ್ ನೋಡ್ತೀನಿ. ಅಲ್ಲೀವರ್ಗೂ ಉಳಿದ ತೋಟಾ ಯಾವುದೂ ಮುಟ್ಟಬೇಡ" ಎಂದು ಫೋನ್ ಇಟ್ಟ. ವಾರವಿಡೀ ಊಟ ಸೇರಲಿಲ್ಲ. ಶಕುಂತಲೆ ಸಕ್ಕರೆ ಏರಿದೆಯೇನೋ ಎಂದು ಎರಡು ಸಲ ಬೆರಳು ಚುಚ್ಚಿ ನೋಡಿದಳು. ಚುಚ್ಚಿದಾಗ ಅವನು ವಾಡಿಕೆಯಂತೆ "ಅಯ್ಯೋ" ಎಂದ. ಆ ಅಯ್ಯೋ ಎಂಬುದನ್ನೂ ಅವನು ಎರಡು ವರ್ಷದಿಂದ ನಟಿಸುತ್ತಿದ್ದ.

ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ಹೊರಟರು. ಅರ್ಧ ದಾರಿಯ ಬ್ರೆನಮ್ ಊರು ದಾಟುವವರೆಗೂ ಶಕುಂತಲೆ ಶೀತಲ್‌ಗೆ ಮಾಡಿ ತಂದ ಮೆಂತ್ಯದ ಹಿಟ್ಟಿನ ಬಗ್ಗೆ, ಕೈಗೆ ಏಟಾದವಳು ಅಡುಗೆ ಹೇಗೆ ಮಾಡುತ್ತಾಳೋ ಎಂಬ ಬಗ್ಗೆ ಮಾತಾಡಿದಳು. ಆಮೇಲೆ ಗಂಡನ ಮುಖ ನೋಡಿ, "ರೀ, ನಿಮ್ದೇನೂ ತಪ್ಪಿಲ್ಲ ಬಿಡಿ. ನೀವು ನೋಡಿ ಕಳ್ಸಿದ್ರಿ ಅಂದ್ಮೇಲೆ ಸರಿಯಾಗೇ ಇತ್ತು" ಎಂದಳು. ಅವನು ಇಂಡಿಕೇಟರ್ ಹಾಕಿ ಲೇನ್ ಬದಲಿಸಿದ.

ಪೇರ್ಲ್ಯಾಂಡ್‌ನ ಮನೆಯಲ್ಲಿ ಬಾಗಿಲು ತೆಗೆದದ್ದು ಶೀತಲ್. ಎಡಗೈ ಮಣಿಕಟ್ಟಿನವರೆಗೆ ಬಿಳಿ ಬಟ್ಟೆ, ಹೆಬ್ಬೆರಳಿಗೆ ಪಟ್ಟಿ. ಬರ್ರಿ ಅಣ್ಣಾವ್ರ ಎಂದು ನಗಲು ನೋಡಿದಳು. ಚಂದ್ರಮೋಹನ ಆ ಕೈಯನ್ನು ನೋಡಿ ಕಣ್ಣು ಕೆಳಗೆ ಹಾಕಿದ.

ಒಳಗೆ ದೇವರ ಜಗುಲಿ ಬರಿದಾಗಿತ್ತು. ಕಾರ್ತಿಕ ಮಾಸ, ಸಾಲು ದೀಪ ಇರಬೇಕಾದಲ್ಲಿ ಒಂದು ಬತ್ತಿಯೂ ಇಲ್ಲ. ಈರವ್ವ ಅಡುಗೆಮನೆಯ ಮೂಲೆಯ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದರು. ಎಪ್ಪತ್ತಾರು ವರ್ಷದ ಗಟ್ಟಿ ಜೀವ, ಒಂದೇ ವಾರದಲ್ಲಿ ಕುಗ್ಗಿ ಹೋಗಿತ್ತು. ಹಣೆಯಲ್ಲಿ ವಿಭೂತಿ ಇರಲಿಲ್ಲ. ಬರೀ ಹಣೆಯ ಈರವ್ವನನ್ನು ಚಂದ್ರಮೋಹನ ಅದುವರೆಗೆ ಕಂಡಿರಲಿಲ್ಲ.

"ಗುರುವಾರ ಊರಿಗೆ ಹೊಂಟಾಳ್ರಿ," ಎಂದ ಶ್ರೀಶೈಲ, ತಾಯಿ ಎದುರಿಗಿಲ್ಲದವಳಂತೆ. "ಟಿಕೆಟ್ ತಗಿಸು ಅಂತ ಹಟಾ ಹಿಡದ್ಲು. ತಗಸೀನಿ. ತಂಗಿ ಮನ್ಯಾಗ ಇರ್ತಾಳಂತ. ತಿರುಗಿ ಬರಂಗಿಲ್ಲಂತ."

ಶೀತಲ್, "ನಾ ಅತ್ತಿಯವ್ರಿಗೆ ಏನೂ ಅಂದಿಲ್ರಿ, ಹೋಗಬ್ಯಾಡ್ರಿ ಅಂತ ಎಷ್ಟು ಹೇಳೀನಿ" ಎಂದು ಶಕುಂತಲೆಯ ಹತ್ತಿರ ಪಿಸುಗುಟ್ಟಿದಳು.

ಶ್ರೀಶೈಲ ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಹ್ಯಾಂಡ್ ಪ್ರೈಮರನ್ನೂ ಡಬ್ಬಿಯನ್ನೂ ತಂದಿಟ್ಟ. ನೂರರಲ್ಲಿ ಅರವತ್ತಕ್ಕೆ ಮದ್ದು ತುಂಬಿ ರೇಂಜಿಗೆ ಒಯ್ದಿದ್ದ, ಉಳಿದ ನಲವತ್ತು ಪ್ರೈಮರ್ ಒತ್ತಿದ ಬರೀ ಚಿಪ್ಪುಗಳಾಗಿ ಡಬ್ಬಿಯಲ್ಲಿದ್ದವು. ಮುಚ್ಚಳದ ಮೇಲೆ ಅವನದೇ ಅಕ್ಷರ, 'ಸರಿಯಿದೆ.' ಚಂದ್ರಮೋಹನ ಬಿಲ್ಲೆಯನ್ನು ತಿರುಗಿಸಿ ಹೊರತೆಗೆದು ಗುಂಡಿಯೊಳಗೆ ಫೋನಿನ ಬೆಳಕು ಬಿಟ್ಟ. ತಳದಲ್ಲಿ ಬೂದುಬಣ್ಣದ ಹಕ್ಕಳೆ ಅರ್ಧಚಂದ್ರಾಕಾರವಾಗಿ ಹಾಗೆಯೇ ಅಂಟಿಕೊಂಡಿತ್ತು. ಬೆಳಕು ಹಾಕಿ ನೋಡಿದ್ದರೆ ಮೂರು ವರ್ಷದ ಮಗುವಿಗೂ ಕಾಣುತ್ತಿತ್ತು. ಬೆರಳು ಅದರ ಮೇಲೇ ಓಡಾಡಿ ನುಣುಪು ಅಂದಿತ್ತು.

"ಏನರ ಕಂಡ್ತೇನ್ರಿ?" ಶ್ರೀಶೈಲ ಬಗ್ಗಿದ.

ಚಂದ್ರಮೋಹನ ಅವನಿಗೆ ತೋರಿಸಿದ. "ವಿಭೂತಿ. ಸ್ವಲ್ಪ ಉಳ್ಕೊಂಡಿದೆ."

ಅದು ಸುಳ್ಳಲ್ಲ. ಉಳಿದದ್ದು ವಿಭೂತಿಯೇ. ಉಳಿಸಿದ್ದು ಯಾರು ಎಂಬ ಅರ್ಧವನ್ನು ಅವನು ನುಂಗಿದ. ಅರ್ಧ ಸತ್ಯ ಹೇಳಿದವನಿಗೆ ಪೂರ್ತಿ ಸುಳ್ಳು ಹೇಳಿದವನಿಗಿಂತ ಹೆಚ್ಚು ಬೆವರುತ್ತದೆ. ಅವನ ಬೆನ್ನು ಒದ್ದೆಯಾಯಿತು.

"ಕೇಳಿದೇನಬೇ?" ಶ್ರೀಶೈಲ ತಾಯಿಯ ಕಡೆ ತಿರುಗಿದ. "ನಾ ಸುಮ್ನ ಅಂದಿದ್ದಿಲ್ಲ. ಅಣ್ಣಾವ್ರ ಹೇಳಾಕತ್ತಾರ ನೋಡು."

ಈರವ್ವ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಹಳೆಯ ತಗಡಿನ ಡಬ್ಬಿ, ತುಂಬ ವಿಭೂತಿ ಗಟ್ಟಿಗಳು. ಅದನ್ನು ಶಕುಂತಲೆಯ ಮಡಿಲಲ್ಲಿ ಇಟ್ಟರು.

"ನೀ ಒಯ್ಯವಾ. ಎಲ್ಲರ ಗುಡಿಗೆ ಕೊಡು. ಎಂಟು ವರ್ಷದಾಕಿ ಇದ್ದಾಗಿಂದ ಹಚ್ಚೀನಿ. ಒಳ್ಳೇದಾಗ್ಲಿ ಅಂತ ಹಚ್ಚಿದ್ದು ನನ್ನ ಸೊಸಿ ರಗತಾ ಕುಡೀತು. ಇನ್ನ ನಾ ಅದನ್ನ ಮುಟ್ಟಂಗಿಲ್ಲ."

ಶಕುಂತಲೆ ಅಳುತ್ತಾ, "ಅಮ್ಮಾ, ಬೇಡಿ, ಹಾಗೆಲ್ಲ ಮಾಡಬೇಡಿ" ಎಂದು ಡಬ್ಬಿ ಹಿಂದೆ ತಳ್ಳಿದಳು. ಈರವ್ವ ಮತ್ತೆ ಮೂಲೆಯ ಕುರ್ಚಿಗೆ ಹೋಗಿ ಕೂತರು.

ಊಟಕ್ಕೆ ಎಬ್ಬಿಸಿದರು. ಜೋಳದ ರೊಟ್ಟಿ ಹೊರಗಿನಿಂದ ತರಿಸಿದ್ದು, ಒಣಗಿತ್ತು. ಆಗ ಶೀತಲ್, ಬಲಗೈಯಲ್ಲಿ ರೊಟ್ಟಿ ಮುರಿಯಲು ಒದ್ದಾಡುತ್ತಾ, ಸಹಜವಾಗಿ ಕೇಳಿದಳು: "ಅಲ್ರೀ ಅಣ್ಣಾ, ನೀವು ಸ್ವಚ್ಛ ಮಾಡಿದ ಮ್ಯಾಲ ಒತ್ತಿದ್ದಲ್ಲೇನ್ರಿ ಈ ನೂರೂ? ನಿಮ್ಮ ಮನ್ಯಾಗ?"

ಚಂದ್ರಮೋಹನನ ಕೈ ತಟ್ಟೆಯಲ್ಲೇ ನಿಂತಿತು. ಅವನು ಬಾಯಿ ತೆರೆಯುವ ಮೊದಲೇ ಶ್ರೀಶೈಲ ಸಿಡುಕಿದ. "ಏ ಶೀತಲ್, ಅಣ್ಣಾವ್ರ ಬೆರಳಿನ ಮ್ಯಾಲ ಸಂಶೇ ಪಡತೀಯೇನ? ಅವರು ನೂರಕ್ಕ ನೂರೂ ನೋಡ್ಯಾರ. ಅದು ಆಮ್ಯಾಲ ಉಬ್ಬೈತಿ, ಒಳಗ ವಿಭೂತಿ ತೇವಾ ಹಿಡದು." ಪ್ರೈಮರ್ ಆಮೇಲೆ ತಾನಾಗಿ ಉಬ್ಬುವುದಿಲ್ಲ ಎಂಬುದು ಮೇಜಿನ ಸುತ್ತ ಕೂತವರಲ್ಲಿ ಚಂದ್ರಮೋಹನನಿಗೆ ಖಂಡಿತ ಗೊತ್ತಿತ್ತು. ಶ್ರೀಶೈಲನಿಗೂ ಗೊತ್ತಿರಬೇಕಾಗಿತ್ತು. ನಂಬಿಕೆ ಅವನ ಬುದ್ಧಿಗೆ ಮಂಕು ಹಾಕಿತ್ತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಈ ನಂಬಿಕೆಯನ್ನು ತಡೆದುಕೊಳ್ಳಲಾಗಲಿಲ್ಲ.

ಮೂಲೆಯಲ್ಲಿ ಈರವ್ವ ತಟ್ಟೆಯನ್ನು ಮುಟ್ಟಿರಲಿಲ್ಲ. ಗುರುವಾರ ವಿಮಾನ ಹತ್ತುವ ಮುದುಕಿ. ಹೊತ್ತುಕೊಂಡು ಹೋಗುವುದು ತನ್ನದಲ್ಲದ ಪಾಪ, ಇಳಿಸುವುದಕ್ಕೆ ಆಮೇಲೆ ಯಾರೂ ಇರುವುದಿಲ್ಲ. ಚಂದ್ರಮೋಹನ ಕೈ ತೊಳೆದ. ಮೇಜಿನ ಮೇಲಿನ ಚಿಪ್ಪಿನ ಡಬ್ಬಿ ಎತ್ತಿಕೊಂಡು ಹೋಗಿ ಈರವ್ವನ ಎದುರು ಕುರ್ಚಿ ಎಳೆದು ಕೂತ. ಯಾಕೆ ಹಾಗೆ ಮಾಡಿದನೋ ಅವನಿಗೇ ಪೂರ್ತಿ ತಿಳಿದಿರಲಿಲ್ಲ. ಬಾಯಿ ಬಾರದವನು ಕೈಯಿಂದ ಶುರು ಮಾಡಿದ.

"ಅಮ್ಮ, ಈ ಚಿಪ್ಪಿನ ಬುಡ ಸವರಿ ನೋಡಿ. ಮೆಲ್ಲಗೆ, ಒತ್ತಬೇಡಿ."

"ನನಗೇನ್ ತಿಳೀತೈತೋ ತಮ್ಮಾ?"

"ಮಧ್ಯೆ ಗುಂಡಗೆ ಬೊಟ್ಟಿನಂಥದ್ದು ಒಂದಿದೆ ನೋಡಿ. ಅದು ಉಬ್ಬಿದೆಯೋ, ಮಟ್ಟವಾಗಿದೆಯೋ, ಅಷ್ಟೇ ಹೇಳಿ."

ಮೊದಲು ಅವರು ಮುಟ್ಟಲು ಹೆದರಿದರು. ಆಮೇಲೆ ಹೆಬ್ಬೆರಳನ್ನು ಒಂದು ಸಲ ಆಡಿಸಿದರು, ಅರವತ್ತು ವರ್ಷ ಜೋಳದ ಹಿಟ್ಟಿನ ಹದ ನೋಡಿದ ಬೆರಳು.

"ಉಬ್ಬೈತಿ," ಎಂದರು. ಇನ್ನೊಂದು. "ಇದೂ ಉಬ್ಬೈತಿ." ಮತ್ತೊಂದು. "ಇದು ಭಾಳ ಉಬ್ಬೈತಿ, ಸಾಬುದಾಣಿ ಇದ್ದಂಗೈತಿ." ಆಮೇಲೆ ಒಂದು. "ಇದು ಸಪಾಟ ಐತಿ."

ಶ್ರೀಶೈಲ ಊಟ ಬಿಟ್ಟು ಎದ್ದು ಬಂದ. ಎರಡು ಗುಂಪಾಗಿ ಸಾಲು ಬೆಳೆಯುತ್ತಾ ಹೋಯಿತು. ನಲವತ್ತರಲ್ಲಿ ಇಪ್ಪತ್ತಾರು ಉಬ್ಬಿದವು. ಅವನು ಒಳಗಿನಿಂದ ಉಕ್ಕಿನ ಸ್ಕೇಲ್ ತಂದು ಒಂದೊಂದರ ಬುಡಕ್ಕೂ ಅಡ್ಡ ಹಿಡಿದು ನೋಡಿದ. ಉಬ್ಬಿದೆ ಎಂದ ಪ್ರತಿಯೊಂದರಲ್ಲೂ ಸ್ಕೇಲ್ ಅಳ್ಳಾಡಿತು, ಸಂದಿಯಲ್ಲಿ ಬೆಳಕು ಬಂತು. ಈರವ್ವ ಒಂದನ್ನೂ ತಪ್ಪಿರಲಿಲ್ಲ.

"ಅಣ್ಣಾ," ಎಂದ ಶ್ರೀಶೈಲ, ಸ್ಕೇಲನ್ನು ಕೆಳಗಿಡುತ್ತಾ. "ಇವನ್ನೆಲ್ಲಾ ನೀವು ನೋಡಿದ್ರಲ್ರಿ?"

"ನೋಡ್ದೆ. ಒಂದೊಂದನ್ನೂ ಸವರ್ದೆ." ಚಂದ್ರಮೋಹನನ ದನಿ ಅವನದೇ ಅನ್ನಿಸಲಿಲ್ಲ. "ನನಗೆ ಏನೂ ಗೊತ್ತಾಗ್ಲಿಲ್ಲ. ಗೊತ್ತಾಗೋದೇ ಇಲ್ಲ ಶ್ರೀಶೈಲ. ಎರಡು ವರ್ಷ ಆಯ್ತು. ಶುಗರ್‌ನಿಂದ ಬೆರಳು ಸತ್ತೋಗಿದೆ. ಗುಂಡಿಯೊಳಗೆ ವಿಭೂತಿ ಉಳಿದಿದ್ದೂ ತಿಳೀಲಿಲ್ಲ, ಪ್ರೈಮರ್ ಉಬ್ಬಿದ್ದೂ ತಿಳೀಲಿಲ್ಲ. ಅಮ್ಮ ಪೂಜೆ ಮಾಡಿದ್ರು, ಅಷ್ಟೇ. ಕ್ಲೀನ್ ಮಾಡೋ ಕೆಲಸ ನಂದು, ನೋಡೋ ಕೆಲಸ ನಂದು. ಶೀತಲ್ ಕೈ ಸೀಳಿದ್ದು ನಾನು."

ಶಕುಂತಲೆ ಎದ್ದು ನಿಂತಿದ್ದಳು. ಅವಳು ಗಂಡನ ಬೆರಳುಗಳನ್ನೇ ನೋಡುತ್ತಿದ್ದಳು.

ಮೊದಲು ತಲೆ ಅಲ್ಲಾಡಿಸಿದವನು ಶ್ರೀಶೈಲ. "ಇಲ್ರಿ. ಅವ್ವ ಊರಿಗೆ ಹೊಂಟಾಳಂತ, ಆಕಿ ಸಮಾಧಾನಕ್ಕ ಹೇಳಾಕತ್ತೀರಿ. ನಿಮ್ಮ ಗುಣಾ ನನಗ ಗೊತ್ತಿಲ್ಲೇನ್ರಿ?"

"ಸುಳ್ಳಲ್ಲ ಕಣೋ."

"ಮೂರು ತಾಸು ಡ್ರೈವ್ ಮಾಡ್ಕೊಂಡು ಬಂದೀರಿ. ಸ್ಕ್ರೂ ಬಿಚ್ಚಿದ್ರಿ, ನನ್ನ ಕಣ್ಣ ಮುಂದನ. ಸತ್ತ ಬೆರಳಿಂದ ಇದೆಲ್ಲಾ ಆಗತೈತೇನ್ರಿ?"

ಚಂದ್ರಮೋಹನ ಸುತ್ತ ನೋಡಿದ. ಯಾರ ಮುಖದಲ್ಲೂ ಸಿಟ್ಟಿಲ್ಲ. ಎಲ್ಲರೂ ಕರಗಿದ ಕಣ್ಣಿನಿಂದ ಅವನನ್ನು ನೋಡುತ್ತಿದ್ದಾರೆ, ಮುದುಕಿಯ ಭಾರವನ್ನು ತನ್ನ ತಲೆಗೆ ಎಳೆದುಕೊಂಡ ದೊಡ್ಡ ಮನುಷ್ಯನೆಂದು. ಇದೊಂದು ಬಾಕಿಯಿತ್ತು. ಎರಡು ವರ್ಷ ಸುಳ್ಳಿಗೆ ಸಿಕ್ಕ ಗೌರವ, ಈಗ ನಿಜ ಹೇಳಿದರೂ ಬಿಟ್ಟು ಹೋಗದೆ ಕಾಲಿಗೆ ಸುತ್ತಿಕೊಂಡಿತು. ಅವನ ಒಳಗೆ ಒಂದು ನೀಚ ಮೂಲೆ, ಆಯಿತಲ್ಲ, ಹೇಳಿಯಾಯಿತು, ನಂಬದಿದ್ದರೆ ಅವರಿಷ್ಟ, ಎಂದು ಹೇಳಿತು. ಆ ಮೂಲೆಯ ಮಾತಿಗೆ ಅವನು ಒಂದು ಗಳಿಗೆ ಕಿವಿಗೊಟ್ಟದ್ದೂ ನಿಜ.

ಈರವ್ವ ಮಾತ್ರ ಅವನ ಮುಖವನ್ನೇ ನೋಡುತ್ತಿದ್ದರು.

"ಕೈ ಇಲ್ಲಿ ಇಡು," ಎಂದು ಪಕ್ಕದ ಅಡುಗೆಕಟ್ಟೆ ತೋರಿಸಿದರು. ಅವನು ಅಂಗೈ ಮೇಲೆ ಮಾಡಿ ಇಟ್ಟ. "ಕಣ್ಣ ಮುಚ್ಚು. ನಾ ಒಂದು ಬೆರಳ ತುದಿ ಹಿಡೀತೀನಿ. ಯಾವುದು ಅಂತ ಹೇಳು. ಸುಳ್ಳು ಹೇಳಿದ್ರ ನನ್ನ ಮ್ಯಾಲ ಆಣಿ."

ಚಂದ್ರಮೋಹನ ಕಣ್ಣು ಮುಚ್ಚಿದ. ಕತ್ತಲೆಯಲ್ಲಿ ತನ್ನ ಕೈ ಎಲ್ಲಿದೆ ಎಂದು ಹುಡುಕಿದ. ಮೊಣಕೈ ಕಟ್ಟೆಗೆ ತಾಗಿದ್ದು ತಿಳಿಯಿತು, ಮಣಿಕಟ್ಟು ತಂಪಾಗಿದ್ದು ತಿಳಿಯಿತು, ಅದರಾಚೆ ಮಂಜು. ಆದರೂ ಮನಸ್ಸು ಆಸೆಪಟ್ಟಿತು, ಮುದುಕಿಯ ಒರಟು ಕೈ ತಾಗಿದರೆ ಏನಾದರೂ ತಿಳಿದೀತು, ಡಾಕ್ಟರು ಹೇಳಿದಷ್ಟೇನೂ ಕೆಟ್ಟಿರಲಿಕ್ಕಿಲ್ಲ ಎಂದು. ಉಸಿರು ಬಿಗಿಹಿಡಿದು ಕಾದ. ಯಾರೋ ಹತ್ತಿರ ಬಂದ ಸಪ್ಪಳವಾಯಿತು. ಶಕುಂತಲೆ ಇರಬೇಕು. ಕಾದ. ಇನ್ನೂ ಏನೂ ಇಲ್ಲ. ಮುದುಕಿಗೆ ತನ್ನ ಮೇಲೆ ಕನಿಕರ ಬಂದು ಸುಮ್ಮನೆ ಕೂತಿರಬಹುದು ಎಂದುಕೊಂಡ.

"ಹಿಡೀರಿ ಅಮ್ಮ," ಎಂದ. "ಯಾಕೆ ಸುಮ್ನಿದೀರಿ? ಹಿಡೀರಿ."

ಶಕುಂತಲೆ ಬಿಕ್ಕಿದ್ದು ಕೇಳಿ ಅವನು ಕಣ್ಣು ತೆರೆದ.

ಅವನ ತೋರುಬೆರಳ ತುದಿ ಈರವ್ವನ ಎರಡು ಉಗುರುಗಳ ನಡುವೆ ಇತ್ತು. ಉಗುರು ಚರ್ಮದೊಳಗೆ ಇಳಿದು, ಅಂಚಿನಲ್ಲಿ ಸಣ್ಣಗೆ ರಕ್ತ ಜಿನುಗಿತ್ತು. ಮುದುಕಿಯ ಕೈ ನಡುಗುತ್ತಿತ್ತು, ಅಷ್ಟು ಬಲವಾಗಿ ಅವರು ಒತ್ತಿ ಹಿಡಿದಿದ್ದರು.